ವಾರಾನ್ನದ ಶಿಫಾರಸು ಪತ್ರ

1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹುಡುಗರು ಕಾಲೇಜಿಗೆಂದು ಮುಂಬಯಿ, ಪುಣೆಗಳತ್ತ ನೋಡಬೇಕಾಯಿತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ದಾರಿ ಹತ್ತಿರವಾಯಿತು. ಊಟದ ಚಿಂತೆ ಮಾತ್ರ ಉಳಿಯಿತು. ಬಡ ಬ್ರಾಹ್ಮಣ ಹುಡುಗರು ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು ಓದಿದರು.

ನನ್ನ ತಂದೆಯವರು 1930ರ ದಶಕದಲ್ಲಿ ಹೆಡ್ ಮಾಸ್ತರರ ಪತ್ರ ಹಿಡಿದು ಧಾರವಾಡಕ್ಕೆ ಹೋದವರು. ಅದರಲ್ಲಿ ಅಂಕಗಳ ಮಾತಿರಲಿಲ್ಲವಂತೆ. ಯಾರ ಮಗ, ಯಾವ ಸೀಮೆ, ಅಷ್ಟೇ. ಅವರಿಗಿಂತ ಹೆಚ್ಚು ಅಂಕ ಪಡೆದಿದ್ದ ಸಹಪಾಠಿಯೊಬ್ಬರಿಗೆ ಪತ್ರ ಸಿಗಲಿಲ್ಲ. ಅವರ ಜಾತಿಗೆ ವಾರದ ಮನೆಗಳಿರಲಿಲ್ಲ. ಮಾಸ್ತರರು ಯಾರಿಗೆಂದು ಬರೆದಾರು? ಅವರು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುತ್ತ ಉಳಿದರು.

ಮುಂದೆ ಶಿಕ್ಷಕನಾಗಿ ನಾನೂ ನೂರಾರು ಶಿಫಾರಸು ಪತ್ರ ಬರೆದೆ. ಅವರ ಮೊಮ್ಮಗಳು ಬಂದು ನಿಂತ ದಿನ, ಎಂದಿನ ಎರಡು ಸಾಲಿನ ಬದಲು ಎರಡು ಪುಟ ಬರೆದುಕೊಟ್ಟೆ.