ಹತ್ತಿ ಬೆಳೆಯದ ಊರಿನ ಹತ್ತಿ

ಕೆಲವು ವರ್ಷಗಳ ಹಿಂದಿನ ಮಾತು. ಪದವಿ ತರಗತಿಗೆ ಸ್ಥಳನಾಮಗಳ ಪಾಠ ಹೇಳುತ್ತಿದ್ದೆ. ಊರಿನ ಹೆಸರು ವಸ್ತುವಿಗೆ ಅಂಟಿಕೊಳ್ಳುವ ಬಗೆಯನ್ನು ವಿವರಿಸುತ್ತ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಚನ್ನಪಟ್ಟಣದ ಗೊಂಬೆ ಎಂದು ಸಾಲಾಗಿ ಉದಾಹರಣೆ ಕೊಟ್ಟು, ಅದೇ ಓಘದಲ್ಲಿ, “ಹಾಗೆಯೇ ಕುಮಟೆಯಲ್ಲಿ ಬೆಳೆಯುವುದು ಕುಮಟಾ ಹತ್ತಿ” ಎಂದುಬಿಟ್ಟೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ.

“ಸರ್, ನಮ್ಮದು ಕುಮಟಾ ತಾಲೂಕು. ನಮ್ಮಲ್ಲಿ ತೆಂಗು, ಅಡಿಕೆ, ಭತ್ತ ಬೆಳೆಯುತ್ತಾರೆ. ಹತ್ತಿಯ ಗಿಡ ನಾನು ನೋಡಿದ್ದೇ ಇಲ್ಲಿಗೆ ಓದಲು ಬಂದ ಮೇಲೆ.”

ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಮನಸ್ಸಿಗೆ ನಾಚಿಕೆಯಾಯಿತು. ನಮ್ಮ ಮನೆತನ ನವಲಗುಂದದ ಕಡೆಯದು; ಎರೆಹೊಲದ ಒಕ್ಕಲುತನ. ಹೊಲದ ಜವಾರಿ ಹತ್ತಿಯನ್ನು ನಮ್ಮಜ್ಜ ‘ಕುಮಟಾ’ ಎಂದೇ ಕರೆಯುತ್ತಿದ್ದರು. ಚಿಕ್ಕವನಿದ್ದಾಗ ನಾನು ಆ ಶಬ್ದವನ್ನು ಹತ್ತಿಯ ಒಂದು ಜಾತಿಯ ಹೆಸರೆಂದು ತಿಳಿದಿದ್ದೆ. ದೊಡ್ಡವನಾದ ಮೇಲೆ ಅದೊಂದು ಊರೆಂದು ತಿಳಿಯಿತು. ಆ ಊರಿಗೂ ನಮ್ಮ ಹೊಲಕ್ಕೂ ಏನು ನಂಟು ಎಂದು ಮಾತ್ರ ಒಮ್ಮೆಯೂ ವಿಚಾರಿಸಲಿಲ್ಲ. ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರೆ ಹಿರಿಯರು. ನಾನು ದೇಶ ಸುತ್ತಿರಲಿಲ್ಲ. ಕೋಶವನ್ನೂ ಸರಿಯಾಗಿ ಓದಿರಲಿಲ್ಲ.

ತಪ್ಪನ್ನು ತಿದ್ದಿಕೊಳ್ಳಲು ಮೊದಲು ಹಳೆಯ ಗ್ಯಾಸೆಟಿಯರುಗಳನ್ನು ತೆರೆದೆ. ಆಮೇಲೆ, ಕಳೆದ ಚಳಿಗಾಲದಲ್ಲಿ, ಅದೇ ಹುಡುಗನನ್ನು ಜೊತೆ ಮಾಡಿಕೊಂಡು ನಡೆದೆ. ಆತ ಈಗ ತನ್ನ ಊರ ಹತ್ತಿರದ ಶಾಲೆಯಲ್ಲಿ ಮಾಸ್ತರನಾಗಿದ್ದಾನೆ. ದೇವಿಮನೆ ಘಟ್ಟದಿಂದ ಕುಮಟೆಯ ಬಂದರಿಗೆ, ಅಲ್ಲಿಂದ ಕಡಲಂಚಿನಲ್ಲಿ ಗೋಕರ್ಣಕ್ಕೆ; ಒಟ್ಟು ಮೂರು ದಿನ.

ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರು. ದೇವಿಮನೆಯ ನೆತ್ತಿಯಲ್ಲಿ ದೇವಿಯ ಗುಡಿ ಇದೆ. ನಾವು ಅಲ್ಲಿ ಬಸ್ಸಿನಿಂದಿಳಿದು ಕೈಮುಗಿದು ಕಾಲ್ನಡಿಗೆಯಲ್ಲಿ ಕತಗಾಲದ ಕಡೆಗೆ ಹೊರಟೆವು. ಹೆದ್ದಾರಿಯ ಅಗಲೀಕರಣದಿಂದ ರಸ್ತೆಯ ಮೈ ಬದಲಾಗಿದೆ. ಆದರೂ ಬದಿಯ ಕಾಡಿಗೆ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಬಿಸಿಲು ನೆಲ ಮುಟ್ಟದ ತಂಪು. ಎಲೆಯ ಹಾಸಿಗೆ, ಸಣ್ಣ ಹಳ್ಳದ ಸದ್ದು, ಎಲ್ಲಿಂದಲೋ ಮಂಗಟ್ಟೆಯ ಕೂಗು. ಇಳಿಜಾರಿನಲ್ಲಿ ಬರಿಗೈಯಲ್ಲಿ ಬಂದ ನನ್ನ ಮೊಣಕಾಲೇ ನಡುಗುತ್ತಿತ್ತು. ಬೆನ್ನ ಮೇಲೆ ಹತ್ತಿಯ ಅಂಡಿಗೆ ಹೊತ್ತ ಎತ್ತುಗಳ ಪಾಡೇನಿದ್ದೀತು ಎಂದು ಯೋಚಿಸಿದೆ.

ಏಕೆಂದರೆ ನಮ್ಮೂರಿನ ಹತ್ತಿ ಹಿಂದೆ ಬಂದಿದ್ದು ಹೀಗೆಯೇ. ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿಗೆ ಮುಂಬಯಿಯ ದಾರಿ ಎಂದರೆ ಕಡಲ ದಾರಿ. ಹುಬ್ಬಳ್ಳಿಯಿಂದ ಶಿರಸಿ, ಶಿರಸಿಯಿಂದ ಘಟ್ಟ ಇಳಿದು ಕುಮಟೆ, ಕುಮಟೆಯಿಂದ ಹಾಯಿಹಡಗಿನಲ್ಲಿ ಮುಂಬಯಿ. ಮೊದಲು ಹೇರೆತ್ತುಗಳು, ರಸ್ತೆ ಸುಧಾರಿಸಿದಂತೆ ಬಂಡಿಗಳು. ಇಳಿಯುವಾಗ ಹತ್ತಿ, ಏರುವಾಗ ಉಪ್ಪು, ತೆಂಗಿನಕಾಯಿ. ಎರೆಹೊಲದ ಜವಾರಿ ಹತ್ತಿ ಬಿಡಿಸುವುದು ಮಾಘ ಕಳೆದ ಮೇಲೆ. ಬೇಸಗೆಯ ನಡುವಿನ ತನಕವೂ ಬಿಡಿಸುತ್ತಾರೆ. ಜೂನ್ ಬಂತೆಂದರೆ ಕರಾವಳಿಯಲ್ಲಿ ಮಳೆ ಹಿಡಿಯುತ್ತದೆ, ಹಾಯಿಹಡಗುಗಳ ಸಂಚಾರ ನಿಲ್ಲುತ್ತದೆ. ನಡುವೆ ಉಳಿಯುವುದು ಕೆಲವೇ ವಾರ. ಅಷ್ಟರೊಳಗೆ ಹತ್ತಿ ಬಿಡಿಸಿ, ಕಾಳು ತೆಗೆದು, ಅಂಡಿಗೆ ಕಟ್ಟಿ, ಘಟ್ಟ ಇಳಿಸಿ, ಹಡಗು ಏರಿಸಬೇಕು. ತಡವಾದರೆ ಮಾಲು ಮಳೆಗಾಲ ಮುಗಿಯುವ ತನಕ ಕಾಯಬೇಕು. ಆಕಾಶ ನೋಡುತ್ತ ಎತ್ತು ಹೊಡೆಯುತ್ತಿದ್ದವರ ಆತಂಕವನ್ನು ನಾನು ಪುಸ್ತಕ ಓದುವಾಗ ಕಾಣಲಿಲ್ಲ. ಘಟ್ಟ ಇಳಿಯುವಾಗ ಕಂಡೆ.

ಹೆಸರು ಹುಟ್ಟಿದ್ದೂ ಇಲ್ಲಿಯೇ. ಕೊಳ್ಳುವವನಿಗೆ ಹೊಲ ಕಾಣುವುದಿಲ್ಲ, ಮಾಲು ಹಡಗೇರಿದ ಬಂದರು ಕಾಣುತ್ತದೆ. ಮುಂಬಯಿಯಲ್ಲಿ, ಅಲ್ಲಿಂದ ಲಿವರ್‌ಪೂಲಿನ ಪೇಟೆಯಲ್ಲಿ, ಧಾರವಾಡದ ಹತ್ತಿ ‘ಕುಮಟಾ’ ಆಯಿತು. ಗುಜರಾತಿನ ಧೊಲೇರಾ ಬಂದರಿಗೂ ಇದೇ ಭಾಗ್ಯ. ಅದರ ಹೆಸರಿನ ಹತ್ತಿಯೂ ಆ ಪೇಟೆಯಲ್ಲಿತ್ತು. 1840ರ ದಶಕದಲ್ಲಿ ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ಹತ್ತಿಬೀಜವನ್ನು ಬಿತ್ತಿಸುವ ಪ್ರಯೋಗ ನಡೆದು, ಆ ಬೆಳೆಗೆ ‘ಧಾರವಾಡ-ಅಮೆರಿಕನ್’ ಎಂಬ ಹೆಸರು ಬಂತು. ಹೊರಗಿನಿಂದ ಬಂದ ಬೀಜಕ್ಕೆ ಧಾರವಾಡದ ಹೆಸರು. ಧಾರವಾಡದ ಸ್ವಂತ ಬೀಜಕ್ಕೆ ಕುಮಟೆಯ ಹೆಸರು! ಕೊನೆಗೆ ಪೇಟೆ ಇಟ್ಟ ಹೆಸರು ಘಟ್ಟ ಹತ್ತಿ ಹಿಂದಿರುಗಿ ನಮ್ಮಜ್ಜನ ಬಾಯಿಗೂ ಬಂತು.

ಎರಡನೆಯ ದಿನ ಕುಮಟೆಯ ಹೆಡ್‌ಬಂದರಿಗೆ ಹೋದೆವು. ಊರಿನ ನಡುಪೇಟೆಯಿಂದ ಸ್ವಲ್ಪ ದೂರದಲ್ಲಿ ಸಮುದ್ರ. ಬಂಡೆಗಳ ಮೇಲೆ ಅಲೆ ಒಡೆಯುತ್ತಿತ್ತು. ಕೆಲವರು ಗಾಳ ಹಾಕಿ ಕೂತಿದ್ದರು. ಲಿವರ್‌ಪೂಲಿನ ದರಪಟ್ಟಿಯಲ್ಲಿ ಹೆಸರು ಬರೆಸಿಕೊಂಡ ಬಂದರು ಇದೇ ಎಂದರೆ ನಂಬುವುದು ಕಷ್ಟ. 1801ರಲ್ಲಿ ಕಂಪನಿ ಸರಕಾರದ ಅಪ್ಪಣೆಯ ಮೇಲೆ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಕುಮಟೆಯನ್ನು ಕಂಡು ಬರೆದಿದ್ದಾನೆ: ನೇರವಾದ ಓಣಿಗಳು, ಕಲ್ಲಿನ ಪಾಗಾರಗಳು, ತೆಂಗಿನ ತೋಟಗಳು, ಹಿಂದೆ ಹೆಸರಾಗಿದ್ದ ಊರು, ಯುದ್ಧಕಾಲದಲ್ಲಿ ಎರಡು ಸಲ ಸುಟ್ಟುಹೋದದ್ದು. ಅಂಥ ಊರು ಅರ್ಧ ಶತಮಾನದೊಳಗೆ ಹತ್ತಿಯ ಬಲದಿಂದ ಎದ್ದು ನಿಂತಿತು. ಮತ್ತೆ ಅರ್ಧ ಶತಮಾನ ಕಳೆಯುವುದರೊಳಗೆ ತಣ್ಣಗಾಯಿತು.

ಯಾಕೆ ತಣ್ಣಗಾಯಿತು? ಕಡಲೇನೂ ಹಿಂದೆ ಸರಿಯಲಿಲ್ಲ. ಇಂಗ್ಲೆಂಡಿನ ಗಿರಣಿಗಳು ಅಮೆರಿಕದ ಹತ್ತಿಯನ್ನು ನೆಚ್ಚಿದ್ದವು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಹತ್ತಿಕೊಂಡಾಗ ಆ ಹತ್ತಿ ನಿಂತಿತು. ಭಾರತದ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂತು. ಧಾರವಾಡದ ಹತ್ತಿಯನ್ನು ಸಾಗಿಸಲು ಕುಮಟೆಗಿಂತ ಸುರಕ್ಷಿತವಾದ ಬಂದರು ಬೇಕೆಂದು ಮ್ಯಾಂಚೆಸ್ಟರಿನವರು ಪಟ್ಟು ಹಿಡಿದರು. ಅವರ ಕಣ್ಣು ಕಾಳಿ ನದಿಯ ಅಳಿವೆಯಲ್ಲಿರುವ ಕಾರವಾರ-ಸದಾಶಿವಗಡದ ಮೇಲೆ ಬಿತ್ತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಇಲಾಖೆಯಲ್ಲಿ, ಬಂದರು ಮದ್ರಾಸು ಇಲಾಖೆಯಲ್ಲಿ. ರಸ್ತೆ ಮಾಡುವವರು ಯಾರು ಎಂಬ ಜಗ್ಗಾಟ ನಡೆಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಕಾರವಾರ ಜಿಲ್ಲೆಯ ಮುಖ್ಯಸ್ಥಳವಾಯಿತು. ದಕ್ಷಿಣ ಕನ್ನಡ ಮದ್ರಾಸಿನಲ್ಲಿಯೇ ಉಳಿಯಿತು. ಒಂದೇ ಕರಾವಳಿಯ ಕನ್ನಡಿಗರು 1956ರ ತನಕ, 94 ವರ್ಷ, ಎರಡು ಇಲಾಖೆಗಳಲ್ಲಿ ಹಂಚಿಹೋದರು. ಏಕೀಕರಣದ ಇತಿಹಾಸ ಹೇಳುವಾಗ ನಾವು ಸಂಸ್ಥಾನಗಳ, ಸಂಧಾನಗಳ ಮಾತಾಡುತ್ತೇವೆ. ಈ ಒಡಕಿನ ಹಿಂದೆ ಒಂದು ಹಿಡಿ ಹತ್ತಿಯೂ ಇದ್ದುದನ್ನು ಮರೆಯುತ್ತೇವೆ.

ಇಷ್ಟಾಗಿ ಕಾರವಾರಕ್ಕೂ ಆ ಭಾಗ್ಯ ದಕ್ಕಲಿಲ್ಲ. 1865ರಲ್ಲಿ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು. ರೈಲು ಬರುವ ಹೊತ್ತಿಗೆ ಅದರ ಹಳಿ ಕಾರವಾರದ ಕಡೆ ತಿರುಗದೆ ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಹಾದು ಪೋರ್ತುಗೀಸರ ಗೋವೆಯ ಮಾರ್ಮಗೋವಾಕ್ಕೆ ಇಳಿಯಿತು. 1880ರ ದಶಕದ ಕೊನೆಯ ಹೊತ್ತಿಗೆ ಹುಬ್ಬಳ್ಳಿಯ ಹತ್ತಿಗೆ ಆ ದಾರಿ ಸಿಕ್ಕಿತು. ಕುಮಟೆಯ ದಾರಿಯಲ್ಲಿ ಬಂಡಿಗಳು ತೆಳುವಾದವು. ಬಂದರನ್ನು ಮಾಡುವುದು ಸಮುದ್ರವೆಂದು ನಾವು ತಿಳಿಯುತ್ತೇವೆ. ಅದರ ಬೆನ್ನಿಗಿರುವ ದಾರಿ ಬೇರೆ ಕಡೆ ತಿರುಗಿತೆಂದರೆ ಎಷ್ಟು ಒಳ್ಳೆಯ ಬಂದರಾದರೂ ಬರಿಯ ದಂಡೆಯಾಗುತ್ತದೆ. ಕುಮಟೆ ರೈಲನ್ನು ಕಂಡದ್ದು ಒಂದು ಶತಮಾನದ ಮೇಲೆ, ಕೊಂಕಣ ರೈಲಿನಿಂದ. ಆ ದಾರಿ ಪೂರ್ತಿ ತೆರೆದದ್ದು 1998ರಲ್ಲಿ. ಅಷ್ಟರಲ್ಲಿ ಹೇರಲು ಹತ್ತಿ ಉಳಿದಿರಲಿಲ್ಲ.

ಹೆಡ್‌ಬಂದರಿನಿಂದ ಉತ್ತರಕ್ಕೆ ವನ್ನಳ್ಳಿ, ಕಡ್ಲೆ, ಬಾಡ, ಕಾಗಾಲ. ಒಂದು ಮರಳ ದಂಡೆ, ಒಂದು ಕಲ್ಲುಗುಡ್ಡ, ಮತ್ತೆ ದಂಡೆ. ಕರಾವಳಿ ಹೀಗೆ ಹೆಜ್ಜೆ ಹಾಕುತ್ತದೆ. ಗುಡ್ಡದ ಮೇಲೆ ಕೆಂಪು ಜಂಬಿಟ್ಟಿಗೆಯ ಹಾಸು, ಒಣಗಿದ ಹುಲ್ಲು, ಗೇರುಮರ. ಕೆಳಗೆ ಕೇದಿಗೆಯ ಮೆಳೆ, ಗಾಳಿಮರದ ತೋಪು, ಅಲ್ಲಲ್ಲಿ ಹೊನ್ನೆಮರ. ಈ ಕಾಲುದಾರಿ ಮೀನು ಮಾರುವ ಹೆಂಗಸರದು, ಶಾಲೆಯ ಮಕ್ಕಳದು, ಗೋಕರ್ಣದ ಶಿವರಾತ್ರಿಗೆ ಹೊರಟವರದು. ಈಚಿನ ವರ್ಷಗಳಲ್ಲಿ ಬೆಂಗಳೂರಿನ ತರುಣರೂ ಬೆನ್ನಿಗೆ ಚೀಲ ಕಟ್ಟಿಕೊಂಡು ಬರುತ್ತಾರೆ. ಅದು ಸಂತೋಷದ ಸಂಗತಿಯೇ.

ಒಂದು ಕಡೆ ನಾವು ನಿಲ್ಲಬೇಕಾಯಿತು. ದಾರಿಗೆ ಅಡ್ಡಲಾಗಿ ಹೊಸ ತಂತಿಬೇಲಿ. ಆಚೆ ಗುಡ್ಡದ ಇಳಿಜಾರಿನಲ್ಲಿ ಕಟ್ಟಡದ ಪಾಯ. ಬೇಲಿಯ ಕೆಳಗೆ ನೂರಾರು ಪಾದಗಳು ಸವೆಸಿದ ಕಲ್ಲು ನುಸುಳಿ ಆ ಕಡೆ ಹೋಗಿತ್ತು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ.

“ಅಜ್ಜ ಬಂದರಿಗೆ ಹೋಗುತ್ತಿದ್ದ ದಾರಿ ಇದೇ, ಸರ್. ಕಳೆದ ಮಳೆಗಾಲದ ತನಕ ಇತ್ತು.”

“ಯಾರೂ ಕೇಳಲಿಲ್ಲವೇ?”

“ಏನೆಂದು ಕೇಳುವುದು, ಸರ್? ಜಾಗ ಅವರದು, ಕಾಗದ ಇದೆ. ದಾರಿಗೆ ಕಾಗದ ಇಲ್ಲ.”

ನಾವು ಕೆಳಗಿಳಿದು ಬಂಡೆಗಳ ಮೇಲೆ ಕೈಯೂರಿ ಸುತ್ತಿ ಹೋದೆವು. ಅರ್ಧ ಗಂಟೆಯ ಶ್ರಮ, ಅಷ್ಟೆ. ಆದರೆ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತವಳು ಆ ಬಂಡೆಗಳ ಮೇಲೆ ಹೋಗಲಾರಳು. ಕುಮಟೆಯ ಹತ್ತಿದಾರಿಯನ್ನು ಲಂಡನ್ನಿನ, ಮುಂಬಯಿಯ ಲೆಕ್ಕಾಚಾರ ತಿರುಗಿಸಿತು. ಅದಕ್ಕೆ ಕಡತಗಳಿವೆ, ಇತಿಹಾಸವಿದೆ. ಈ ಸಣ್ಣ ದಾರಿ ನಿಂತದ್ದಕ್ಕೆ ಯಾವ ಕಡತವೂ ಇಲ್ಲ. ನಾನು ಈ ಲೇಖನವನ್ನು ಬರೆಯಲು ಮುಖ್ಯ ಕಾರಣ ಆ ಬೇಲಿ.

ಸಂಜೆಗೆ ಅಘನಾಶಿನಿ ಊರು ಮುಟ್ಟಿದೆವು. ಅದೇ ಹೆಸರಿನ ನದಿ ಅಲ್ಲಿ ಸಮುದ್ರ ಸೇರುತ್ತದೆ. ಮೈಮೇಲೆ ಒಂದು ಅಣೆಕಟ್ಟೂ ಇಲ್ಲದೆ ಘಟ್ಟದಿಂದ ಕಡಲಿಗೆ ಬರುವ ನದಿ ಇದು. ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ನೀರಿಳಿದ ಹೊತ್ತಿಗೆ ಹೆಂಗಸರು ಮೊಣಕಾಲ ಕೆಸರಿನಲ್ಲಿ ನಿಂತು ಬಳಚು ಹೆಕ್ಕುತ್ತಿದ್ದರು. 2024ರ ಜನವರಿಯಲ್ಲಿ ಈ ಅಳಿವೆಯ ಹೆಸರು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಪ್ರಕಟವಾಯಿತು. ಹಿಂದೆ ಲಿವರ್‌ಪೂಲಿನ ಪಟ್ಟಿ ಕುಮಟೆಯನ್ನು ಗುರುತಿಸಿದ್ದು ಅಲ್ಲಿಂದ ಹೊರಟ ಮಾಲಿಗಾಗಿ. ಈ ಪಟ್ಟಿ ಗುರುತಿಸಿದ್ದು ಅಲ್ಲಿಯೇ ಇರುವುದಕ್ಕಾಗಿ. ಈ ವ್ಯತ್ಯಾಸ ನನಗೆ ಸಮಾಧಾನ ತಂದಿತು.

ಮೂರನೆಯ ಬೆಳಿಗ್ಗೆ ದೋಣಿಯಲ್ಲಿ ತದಡಿಗೆ ದಾಟಿದೆವು. ಒಳಗಡೆ ಸಾಣಿಕಟ್ಟಾದ ಉಪ್ಪಿನ ಆಗರಗಳಿವೆ. ಎತ್ತುಗಳ ಬೆನ್ನೇರಿ ಘಟ್ಟ ಹತ್ತುತ್ತಿದ್ದ ಉಪ್ಪು ಇಂಥ ಆಗರಗಳದೇ. ಅಲ್ಲಿಂದ ಬೇಲೆಕಾನ ಹಾದು, ಗುಡ್ಡ ಹತ್ತಿ ಇಳಿದು ಓಂ ದಂಡೆ, ಕುಡ್ಲೆ, ಕೊನೆಗೆ ಗೋಕರ್ಣ. ದಾರಿಯಲ್ಲಿ ‘ಹಾಫ್ ಮೂನ್’, ‘ಪ್ಯಾರಡೈಸ್’ ಎಂಬ ಫಲಕಗಳನ್ನು ಕಂಡು ನಕ್ಕೆವು. ಕೊಳ್ಳಲು ಬಂದವರು ಹೆಸರಿಡುವ ಪದ್ಧತಿ ಇನ್ನೂ ನಿಂತಿಲ್ಲ.

ಊರಿಗೆ ಮರಳಿ ಮುಂದಿನ ವರ್ಷದ ತರಗತಿಗೆ ಅದೇ ಪಾಠ ಮಾಡಿದೆ. ಈ ಸಲ ನನ್ನ ತಪ್ಪನ್ನೂ ಅದನ್ನು ತಿದ್ದಿದ ಹುಡುಗನನ್ನೂ ಸೇರಿಸಿ ಹೇಳಿದೆ. ಪಾಠ ಮುಗಿದಾಗ ಒಬ್ಬಳು ವಿದ್ಯಾರ್ಥಿನಿ ಕೇಳಿದಳು: “ಕುಮಟೆಯಲ್ಲಿ ಬೆಳೆಯಲಿಲ್ಲ, ನಮ್ಮ ಕಡೆ ಬೆಳೆಯಿತು ಎಂದಿರಿ. ಈಗ ಎಲ್ಲಿ ಬೆಳೆಯುತ್ತದೆ, ಸರ್?”

ಧಾರವಾಡದ ಸಂಶೋಧಕರು ಕುಮಟಾದಿಂದಲೇ ಜಯವಂತ, ಜಯಧರ ಎಂಬ ತಳಿಗಳನ್ನು ತೆಗೆದಿದ್ದರು. 1972ರಲ್ಲಿ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಬಂತು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆಯಾಯಿತು. ನಮ್ಮ ಹೊಲದಲ್ಲಿಯೂ ಈಗ ಅದೇ. ಜವಾರಿ ಹತ್ತಿ ಅಲ್ಲೊಂದು ಇಲ್ಲೊಂದು ಹೊಲದಲ್ಲಿ ಉಳಿದಿದೆ. ಅದನ್ನೆಲ್ಲ ಅವಳಿಗೆ ಹೇಳಿ, ಉಳಿದ ಒಂದು ಹೊಲದ ದಾರಿಯನ್ನೂ ಹೇಳಿದೆ. ರಸ್ತೆಯಿಂದ ಇಳಿದು ಒಂದು ಮೈಲು ಬದುವಿನ ಮೇಲೆ ನಡೆಯಬೇಕು. ಬರುವ ಭಾನುವಾರ ಎಂಟು ಮಂದಿ ಹೊರಟಿದ್ದಾರೆ.