ಗಡಿಕಲ್ಲು ಹೋಯ್ತು, ಕಾನೂನಿನ ಗಡಿ ಉಳೀತು

ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಸಂದರ್ಭದಲ್ಲಿ ನಮ್ಮ ಪೂರ್ವ ಸೀಮೆಯ ವ್ಯಾಪಾರ ಯಾವ ಯಾವ ಕಾನೂನಿನ ಕೆಳಗೆ ನಡೆದುಬಂತು ಎಂಬುದನ್ನು ನಾಲ್ಕು ಮಾತಿನಲ್ಲಿ ಬರೆಯುತ್ತಿದ್ದೇವೆ.

1809ರಲ್ಲಿ ಹಲಸೂರಿನ ಹತ್ತಿರ ಬ್ರಿಟಿಷರ ದಂಡು ಬಂದು ನೆಲೆಸಿತು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಅರಸರಿಗೆ ಬಿಟ್ಟುಕೊಟ್ಟರೂ ದಂಡು ಪ್ರದೇಶವನ್ನು ಮಾತ್ರ ಅವರು ತಮ್ಮ ಕೈಲೇ ಇಟ್ಟುಕೊಂಡರು. ಕೃಷ್ಣರಾಜಪುರದ ಕಡೆಯ ರೈತ ಸೊಪ್ಪಿನ ಗಾಡಿ ಕಟ್ಟಿ ಹೊರಟರೆ ಊರಲ್ಲಿ ಮಹಾರಾಜರ ಕಾನೂನು, ಹಲಸೂರು ಮುಟ್ಟಿದರೆ ರೆಸಿಡೆಂಟರ ಆಡಳಿತ. 1933ರಲ್ಲಿ ಶುರುವಾದ ರಸೆಲ್ ಮಾರ್ಕೆಟ್ಟೂ ಆ ಕಡೆಯದೇ. ಮಾಲು ಒಂದು ರಾಜ್ಯದ್ದು, ದುಡ್ಡು ಬರಬೇಕಾದ್ದು ಇನ್ನೊಂದು ಆಡಳಿತದಿಂದ! 1947ರ ಜುಲೈ 26ರಂದು ದಂಡು ಪ್ರದೇಶ ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಪುರಸಭೆ ಸೇರಿ ಒಂದೇ ಕಾರ್ಪೊರೇಷನ್ ಆಯಿತು.

ಸಹಕಾರದ ಕಥೆಯೂ ಹಾಗೇ. ಬ್ರಿಟಿಷರ 1904ರ ಕಾಯಿದೆಯಂತೆ ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಸಂಘ ಹುಟ್ಟಿತು. ಅದೇ ವರ್ಷ ಮೈಸೂರು ಸಂಸ್ಥಾನ ತನ್ನದೇ ಕಾಯಿದೆ ಮಾಡಿಕೊಂಡಿತು. ರಾಜ್ಯ ಏಕೀಕರಣವಾದ ಮೇಲೆ 1959ರಲ್ಲಿ ಎಲ್ಲರಿಗೂ ಒಂದೇ ಕಾಯಿದೆ ಬಂತು. ನಮ್ಮ ಸಂಘ ನಡೆಯುವುದೂ ಅದರಂತೆಯೇ.

ನೆಲದ ಗಡಿ ಹೋದರೂ ಈ ಕಾಯಿದೆಯಲ್ಲಿ ಇನ್ನೊಂದು ಗಡಿ ಇದೆ. ಸದಸ್ಯನಿಗೂ ಸಂಘಕ್ಕೂ ವ್ಯವಹಾರದ ತಕರಾರು ಬಂದರೆ 70ನೇ ಕಲಮಿನಂತೆ ರಿಜಿಸ್ಟ್ರಾರರ ಮುಂದೆ ಹೋಗಬೇಕು, ಸಿವಿಲ್ ಕೋರ್ಟಿಗಲ್ಲ. ಹೊರಗಿನ ವ್ಯಾಪಾರಿಯಾದರೆ ಕೋರ್ಟೇ ಗತಿ. ಇದನ್ನು ನಾವು ಅನುಭವದಿಂದ ಕಲಿತೆವು. ಮಾರ್ಕೆಟ್ಟಿನ ಒಬ್ಬ ವ್ಯಾಪಾರಿ ಸದಸ್ಯರ ತರಕಾರಿ ದುಡ್ಡು ನಿಲ್ಲಿಸಿಕೊಂಡು ನಾಳೆ ನಾಡಿದ್ದು ಅಂತ ದಿನ ತಳ್ಳುತ್ತಿದ್ದ. ವಕೀಲರು ಮೊದಲು ಕೇಳಿದ್ದೇ, "ಆತ ಮೆಂಬರೋ ಅಲ್ಲವೋ?" ಅಂತ. ಅಲ್ಲ ಅಂದೆವು. ಹಾಗಾದರೆ ಮಾಲು ಕೊಟ್ಟ ಮೂರು ವರ್ಷದೊಳಗೆ ದಾವೆ ಹಾಕಬೇಕು, ಅಷ್ಟರಲ್ಲಿ ಬಾಕಿ ಒಪ್ಪಿ ಸಹಿ ಮಾಡಿದ್ದರೆ ಆ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತೆ ಎಂದರು. ನಮ್ಮ ಕಾರ್ಯದರ್ಶಿಯವರು ಯುಗಾದಿ ಲೆಕ್ಕ ಮುಗಿಸುವಾಗಲೆಲ್ಲ ಆತನಿಂದ ಖಾತೆ ಪುಸ್ತಕದಲ್ಲಿ ಸಹಿ ಹಾಕಿಸಿದ್ದರು. ಆಗ ಕೆಲವರು "ಇದೇನು ಸ್ವಾಮಿ, ಗಿರಾಕಿ ಮೇಲೆ ಇಷ್ಟು ಅನುಮಾನ?" ಅಂತ ನಕ್ಕಿದ್ದುಂಟು. ಲಾಯರ್ ನೋಟೀಸಿನ ಜೊತೆ ಆ ಪುಟದ ನಕಲು ಹೋದ ಮೇಲೆ ವ್ಯಾಪಾರಿ ಕಂತಿನಲ್ಲಿ ಪೂರ್ತಿ ಕಟ್ಟಿದ. ಬೆಳೆ ಕೊಟ್ಟ ಮನೆಗಳಿಗೆಲ್ಲ ದುಡ್ಡು ಮುಟ್ಟಿತು.

ಆ ಪುಸ್ತಕ ಈಗಲೂ ಸಂಘದ ಬೀರುವಿನಲ್ಲಿದೆ. ನೋಡಬೇಕೆನ್ನುವವರು ಕಛೇರಿ ವೇಳೆಯಲ್ಲಿ ಬಂದು ನೋಡಬಹುದು.