ಸಾಂಕ್ರಾಮಿಕ ರೋಗದ ಸಂದರ್ಭದಲ್ಲಿ ಸ್ಥಳೀಯ ಸಂಸ್ಥೆಗಳು: ಮಾಹಿತಿ, ನೆರವು ಮತ್ತು ದಾಖಲೆ

ಪೀಠಿಕೆ

ವಿಶ್ವ ಆರೋಗ್ಯ ಸಂಸ್ಥೆಯು ದಿನಾಂಕ 11-03-2020ರಂದು ಕೋವಿಡ್-19 ರೋಗವನ್ನು ಜಾಗತಿಕ ಸಾಂಕ್ರಾಮಿಕವೆಂದು ಪರಿಗಣಿಸಿತು. ಅದರ ಹಿಂದಿನ ದಿನವೇ ಕಲಬುರಗಿಯ ಹಿರಿಯ ನಾಗರಿಕರೊಬ್ಬರು ಮೃತಪಟ್ಟಿದ್ದರು. ಈ ರೋಗದಿಂದ ದೇಶದಲ್ಲಿ ಸಂಭವಿಸಿದ ಮೊದಲ ಮರಣ ಅದೆಂದು 12-03-2020ರಂದು ದೃಢಪಟ್ಟಿತು. 25-03-2020ರಿಂದ ರಾಷ್ಟ್ರವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಿತು.

ತರುವಾಯದ ಎರಡು ವರ್ಷಗಳ ಅವಧಿಯಲ್ಲಿ ರಾಜ್ಯದ ಸುಮಾರು 6,000 ಗ್ರಾಮ ಪಂಚಾಯಿತಿಗಳು ಹಾಗೂ ನಗರ ಸ್ಥಳೀಯ ಸಂಸ್ಥೆಗಳು ನಿರ್ವಹಿಸಿದ ಕಾರ್ಯವನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು: ಜನರಿಗೆ ತಿಳಿಸುವುದು, ನೆರವು ತಲುಪಿಸುವುದು, ನಡೆದುದನ್ನು ದಾಖಲಿಸುವುದು. ಮೊದಲೆರಡು ಕಾರ್ಯಗಳು ಎಲ್ಲರ ಕಣ್ಣಿಗೂ ಕಂಡವು. ಮೂರನೆಯದು ಆಗ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ಆದರೆ ಪರಿಹಾರಕ್ಕಾಗಿ ಅರ್ಜಿ ಸಲ್ಲಿಸಿದ ಕುಟುಂಬಗಳ ಪಾಲಿಗೆ ಅಂತಿಮವಾಗಿ ನಿರ್ಣಾಯಕವಾದದ್ದು ಅದೇ. ಈ ಮೂರೂ ಕಾರ್ಯಗಳ ಸ್ವರೂಪವನ್ನು ಹಾಗೂ ದಾಖಲೆಗಳ ಕುರಿತು ಈಗ ಗಮನಿಸಬೇಕಾದ ಅಂಶಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಕಾನೂನಿನ ಆಧಾರ

ಆರೋಗ್ಯ ಮತ್ತು ನೈರ್ಮಲ್ಯವು ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೂ, ಸಾರ್ವಜನಿಕ ಆರೋಗ್ಯವು 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೂ ಸಂಬಂಧಿಸಿದ ವಿಷಯಗಳಾಗಿವೆ. ಕೋವಿಡ್ ಅವಧಿಯ ನಿರ್ಬಂಧಗಳನ್ನು ವಿಪತ್ತು ನಿರ್ವಹಣಾ ಅಧಿನಿಯಮ, 2005ರ ಅಡಿಯಲ್ಲಿ ಹೊರಡಿಸಲಾಯಿತು. ರಾಜ್ಯದಲ್ಲಿ ಇದರೊಂದಿಗೆ, ಏಪ್ರಿಲ್ 2020ರಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಅದೇ ವರ್ಷ ಅಧಿನಿಯಮವಾದ ಕರ್ನಾಟಕ ಸಾಂಕ್ರಾಮಿಕ ರೋಗಗಳ ಅಧಿನಿಯಮ, 2020 ಸಹ ಅನ್ವಯವಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸುವುದು ಸೂಕ್ತ. 2020ರ ಮಧ್ಯಭಾಗದಲ್ಲಿ ಬಹುತೇಕ ಗ್ರಾಮ ಪಂಚಾಯಿತಿಗಳ ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿಗಳನ್ನು ನೇಮಿಸಲಾಗಿತ್ತು. ಚುನಾವಣೆ ನಡೆದದ್ದು 22-12-2020 ಮತ್ತು 27-12-2020ರಂದು. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕೌನ್ಸಿಲ್ ಅವಧಿಯು ಸೆಪ್ಟೆಂಬರ್ 2020ರಲ್ಲಿ ಮುಕ್ತಾಯವಾಗಿ, 2021ರ ಎರಡನೇ ಅಲೆಯನ್ನು ನಗರವು ವಾರ್ಡ್ ಸದಸ್ಯರಿಲ್ಲದೆಯೇ ಎದುರಿಸಿತು. ಆದೇಶ ಹೊರಡಿಸಲು ಅಧಿಕಾರಿಗಳಿದ್ದರು ನಿಜ. ಆದರೆ ರಾತ್ರಿ ಹೊತ್ತಿನಲ್ಲಿ ಯಾರ ಮನೆಯ ಬಾಗಿಲು ತಟ್ಟಬಹುದೆಂಬುದು ನಿವಾಸಿಗಳಿಗೆ ಮೊದಲಿನಷ್ಟು ಸ್ಪಷ್ಟವಾಗಿರಲಿಲ್ಲ.

ಮಾಹಿತಿ ತಲುಪಿದ ಬಗೆ

ರಾಜ್ಯ ಮಟ್ಟದಲ್ಲಿ ಆರೋಗ್ಯ ಇಲಾಖೆಯು ಪ್ರತಿದಿನ ಪ್ರಕಟಣೆ ಹೊರಡಿಸುತ್ತಿತ್ತು. ಆರಂಭದ ತಿಂಗಳುಗಳಲ್ಲಿ ಸೋಂಕಿತರನ್ನು ಹೆಸರಿನಿಂದಲ್ಲದೆ ರೋಗಿ ಸಂಖ್ಯೆಯಿಂದ ಗುರುತಿಸಲಾಗುತ್ತಿತ್ತು. 104 ಆರೋಗ್ಯ ಸಹಾಯವಾಣಿಯ ಜೊತೆಗೆ ಏಪ್ರಿಲ್ 2020ರಲ್ಲಿ 14410 ಸಂಖ್ಯೆಯ ಆಪ್ತಮಿತ್ರ ಸಹಾಯವಾಣಿಯನ್ನು ಆರಂಭಿಸಲಾಯಿತು.

ಗ್ರಾಮ ಮಟ್ಟದಲ್ಲಿ ಬೇರೆಯೇ ಮಾರ್ಗಗಳು ಬೇಕಾದವು. ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ಸುತ್ತೋಲೆಯನ್ನು ಅಂಟಿಸಿದ ಮಾತ್ರಕ್ಕೆ ಮಾಹಿತಿ ನೀಡಿದಂತಾಗುವುದಿಲ್ಲ. ಕಚೇರಿಗೆ ಬಾರದಿರಿ ಎಂದು ಜನರಿಗೆ ಹೇಳುತ್ತಿದ್ದ ಕಾಲದಲ್ಲಿ ಫಲಕವನ್ನು ಓದುವವರಾದರೂ ಯಾರು? ಹೀಗಾಗಿ ಹಳೆಯ ಕ್ರಮದಂತೆ ಡಂಗುರ ಸಾರಲಾಯಿತು, ಕಸ ಸಂಗ್ರಹಣಾ ವಾಹನಗಳಿಗೆ ಧ್ವನಿವರ್ಧಕ ಅಳವಡಿಸಲಾಯಿತು, ಅಧ್ಯಕ್ಷರ ನೇತೃತ್ವದಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಕಾರ್ಯಪಡೆಗಳು ರಚನೆಯಾದವು. ಎಲ್ಲಕ್ಕಿಂತ ಹೆಚ್ಚಾಗಿ ಮನೆಮನೆಗೆ ತೆರಳಿದವರು ಆಶಾ ಕಾರ್ಯಕರ್ತೆಯರು ಮತ್ತು ಅಂಗನವಾಡಿ ಕಾರ್ಯಕರ್ತೆಯರು. ರಾಜ್ಯದಲ್ಲಿ ಸುಮಾರು 42,000 ಆಶಾ ಕಾರ್ಯಕರ್ತೆಯರಿದ್ದು, ಜ್ವರ, ಕೆಮ್ಮು ಇರುವವರ ಸಮೀಕ್ಷೆ ಹಾಗೂ ಹೊರಗಿನಿಂದ ಬಂದವರ ಮೇಲಿನ ನಿಗಾ ಬಹುಪಾಲು ಇವರಿಂದಲೇ ನಡೆಯಿತು. ಬಾಣಂತಿಯ ಹೆಸರು, ಮಗುವಿನ ಲಸಿಕೆಯ ದಿನ ಬಲ್ಲವರು ಬಾಗಿಲಿಗೆ ಬಂದು ಹೇಳಿದ ಮಾತಿಗೆ ಸುತ್ತೋಲೆಗಿಲ್ಲದ ತೂಕವಿತ್ತು.

ಮಾಹಿತಿ ನೀಡುವುದಕ್ಕೂ ವ್ಯಕ್ತಿಯನ್ನು ಬಹಿರಂಗಪಡಿಸುವುದಕ್ಕೂ ಇರುವ ಗೆರೆ ಯಾವಾಗಲೂ ಪಾಲನೆಯಾಗಲಿಲ್ಲ. ಮಾರ್ಚ್ 2020ರಲ್ಲಿ ಗೃಹ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿಗಳು ಸಾರ್ವಜನಿಕವಾದಾಗ ಆಕ್ಷೇಪಣೆಗಳು ವ್ಯಕ್ತವಾದವು. ಸೋಂಕಿತರ ಮನೆಯ ಬಾಗಿಲಿಗೆ ಭಿತ್ತಿಪತ್ರ ಅಂಟಿಸುವ ಕ್ರಮದ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 09-12-2020ರಂದು, ವಿಪತ್ತು ನಿರ್ವಹಣಾ ಅಧಿನಿಯಮದಡಿ ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ನಿರ್ದೇಶನವಿದ್ದ ಹೊರತು ಹಾಗೆ ಅಂಟಿಸತಕ್ಕದ್ದಲ್ಲವೆಂದು ತಿಳಿಸಿತು. ಭಿತ್ತಿಪತ್ರದ ಭಯದಿಂದ ಪರೀಕ್ಷೆಗೇ ಹೋಗದವರ ಹೆಸರು ಯಾವ ದಾಖಲೆಗೂ ಸೇರುವುದಿಲ್ಲವೆಂಬುದನ್ನು ಇಲ್ಲಿ ಮರೆಯುವಂತಿಲ್ಲ. ಇದರ ಪರಿಣಾಮವನ್ನು ಮುಂದೆ ವಿವರಿಸಲಾಗಿದೆ.

ಸಾಂಕ್ರಾಮಿಕದ ನೆನಪು ಈ ನಾಡಿಗೆ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ನಂತರ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಪ್ಲೇಗ್ ಮಾರಮ್ಮನ ಗುಡಿಗಳು ಇಂದಿಗೂ ಕಾಣಸಿಗುತ್ತವೆ.

ನೆರವಿನ ಕ್ರಮಗಳು

ಏಪ್ರಿಲ್ 2020ರಲ್ಲಿ ಎರಡು ತಿಂಗಳ ಪಡಿತರವನ್ನು ಒಟ್ಟಿಗೆ ವಿತರಿಸಲಾಯಿತು. ಪ್ರಧಾನಮಂತ್ರಿ ಗರೀಬ್ ಕಲ್ಯಾಣ ಅನ್ನ ಯೋಜನೆಯಡಿ ಪ್ರತಿ ಸದಸ್ಯರಿಗೆ ಹೆಚ್ಚುವರಿ 5 ಕೆ.ಜಿ. ಆಹಾರಧಾನ್ಯವು 2020ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹಾಗೂ ಪುನಃ ಮೇ 2021ರಿಂದ ಡಿಸೆಂಬರ್ 2022ರವರೆಗೆ ದೊರೆಯಿತು. ಅಂಗನವಾಡಿ ಫಲಾನುಭವಿಗಳಿಗೆ ಆಹಾರ ಪದಾರ್ಥಗಳನ್ನು ಮನೆಗೇ ತಲುಪಿಸಲಾಯಿತು. ಆಗ ಜಾರಿಯಲ್ಲಿದ್ದ ಮಹಾತ್ಮ ಗಾಂಧಿ ನರೇಗಾ ಯೋಜನೆಯಡಿ ರಾಜ್ಯದ ದಿನಗೂಲಿಯು 2020-21ನೇ ಸಾಲಿನಲ್ಲಿ ರೂ. 249/-ರಿಂದ ರೂ. 275/-ಕ್ಕೆ ಏರಿತು. ನಗರಗಳಿಂದ ಊರಿಗೆ ಮರಳಿದವರಲ್ಲಿ ಅನೇಕರು ಪಂಚಾಯಿತಿಯಲ್ಲಿ ಉದ್ಯೋಗ ಚೀಟಿ ಪಡೆದು ಬದು ನಿರ್ಮಾಣ, ಕೆರೆ ಹೂಳೆತ್ತುವಿಕೆಯಂತಹ ಕಾಮಗಾರಿಗಳಲ್ಲಿ ತೊಡಗಿದರು.

ಮೇ 2020ರಲ್ಲಿ ಮಹಾರಾಷ್ಟ್ರ ಮತ್ತಿತರ ರಾಜ್ಯಗಳಿಂದ ಮರಳಿದವರನ್ನು ಶಾಲೆ, ವಿದ್ಯಾರ್ಥಿನಿಲಯಗಳಲ್ಲಿ ಇರಿಸಿದಾಗ ಕಲಬುರಗಿ, ಯಾದಗಿರಿ, ಮಂಡ್ಯ, ಉಡುಪಿ ಜಿಲ್ಲೆಗಳ ಸ್ಥಳೀಯ ಸಂಸ್ಥೆಗಳ ಮೇಲೆ ವಿಶೇಷ ಹೊರೆ ಬಿದ್ದಿತು. ಊಟ, ನೀರು, ಶೌಚಾಲಯದ ವ್ಯವಸ್ಥೆಯಷ್ಟೇ ಅಲ್ಲದೆ, ಬಂದವರು ನಮ್ಮೂರವರೇ ಎಂದು ಊರಿನವರಿಗೆ ಮನವರಿಕೆ ಮಾಡಿಕೊಡುವುದೂ ಪಂಚಾಯಿತಿಯ ಕೆಲಸವಾಯಿತು. ಶಾಲೆಗಳು ಮುಚ್ಚಿದ್ದ ಅವಧಿಯಲ್ಲಿ, ನವೆಂಬರ್ 2020ರಲ್ಲಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ "ಓದುವ ಬೆಳಕು" ಕಾರ್ಯಕ್ರಮ ಆರಂಭವಾಯಿತು. ಸಣ್ಣದಾದರೂ ಉಪಯುಕ್ತ ಕ್ರಮವಿದು.

ನಗದು ನೆರವಿನ ಪ್ಯಾಕೇಜುಗಳೂ ಪ್ರಕಟವಾದವು. ಮೇ 2020ರ ರೂ. 1,610 ಕೋಟಿ ಪ್ಯಾಕೇಜಿನಲ್ಲಿ ಅಗಸರು, ಕ್ಷೌರಿಕರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ ರೂ. 5,000/- ಘೋಷಿಸಲಾಯಿತು. 19-05-2021ರ ರೂ. 1,250 ಕೋಟಿ ಪ್ಯಾಕೇಜಿನಲ್ಲಿ ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಹಾಗೂ ಚಾಲಕರಿಗೆ ರೂ. 3,000/-, ಬೀದಿಬದಿ ವ್ಯಾಪಾರಿಗಳಿಗೆ ರೂ. 2,000/- ಹಾಗೂ ಕಾರ್ಯಪಡೆಯ ವೆಚ್ಚಕ್ಕೆಂದು ಪ್ರತಿ ಗ್ರಾಮ ಪಂಚಾಯಿತಿಗೆ ರೂ. 50,000/- ಮುಂಗಡ ಪ್ರಕಟಿಸಲಾಯಿತು. "ನೋಂದಾಯಿತ" ಎಂಬ ಪದವನ್ನು ಓದುಗರು ಗಮನಿಸಬೇಕು. ಚಾಲಕರ ಬಳಿ ಪರವಾನಗಿ ಇತ್ತು, ಕಟ್ಟಡ ಕಾರ್ಮಿಕರ ಬಳಿ ಗುರುತಿನ ಚೀಟಿ ಇತ್ತು. ಮರದ ಕೆಳಗೆ ಕುರ್ಚಿ ಹಾಕಿ ಕ್ಷೌರ ಮಾಡುವವರ ಬಳಿ, ಮನೆಮನೆಗೆ ಹೋಗಿ ಬಟ್ಟೆ ತರುವವರ ಬಳಿ ವೃತ್ತಿಯನ್ನು ರುಜುವಾತುಪಡಿಸುವ ಯಾವ ಕಾಗದವೂ ಇರುವುದು ವಿರಳ. ಅಂಥವರಿಗೆ ಸ್ಥಳೀಯ ಅಧಿಕಾರಿಯ ದೃಢೀಕರಣವೇ ಆಧಾರವಾಯಿತು. ಒಟ್ಟಿನಲ್ಲಿ, ಸ್ಥಳೀಯ ಸಂಸ್ಥೆಯ ಕಡತದಲ್ಲಿ ಹೆಸರಿದ್ದವರಿಗೆ ನೆರವು ಸುಲಭವಾಗಿ ತಲುಪಿತು, ಇಲ್ಲದವರು ಮೊದಲು ತಾವು ಯಾರೆಂದು ಸಾಬೀತುಪಡಿಸಬೇಕಾಯಿತು.

ಮರಣ ದಾಖಲೆ ಮತ್ತು ಪರಿಹಾರ

ದಾಖಲೆಯ ಮಹತ್ವವು ಅತ್ಯಂತ ಸ್ಪಷ್ಟವಾಗಿ ಗೋಚರಿಸಿದ್ದು ಮೃತರ ಕುಟುಂಬಗಳ ಅರ್ಜಿಗಳಲ್ಲಿ. 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಾಸಿಗೆ ದೊರೆಯದೆ ಮನೆಯಲ್ಲಿಯೇ ಮೃತಪಟ್ಟವರು, ಪರೀಕ್ಷಾ ವರದಿ ಬರುವ ಮುನ್ನವೇ ಅಸುನೀಗಿದವರು ಅನೇಕರಿದ್ದರು. ಬೆಂಗಳೂರಿನಲ್ಲಿ ಸೋಂಕಿತರಿಗೆ ನೀಡುತ್ತಿದ್ದ ಬಿ.ಯು. ಸಂಖ್ಯೆಯಿಲ್ಲದೆ ಪಾಲಿಕೆಯ ಮೂಲಕ ಹಾಸಿಗೆ ಹಂಚಿಕೆಯಾಗುತ್ತಿರಲಿಲ್ಲ. ಮುಂದೆ ಪರಿಹಾರ ಕೋರುವಾಗ ಪರೀಕ್ಷೆಯ ಮಾದರಿ ಸಂಖ್ಯೆಯಿದ್ದ ಮೊಬೈಲ್ ಕಿರುಸಂದೇಶವೂ ಉಪಯೋಗಕ್ಕೆ ಬಂದಿತು.

ಸರ್ವೋಚ್ಚ ನ್ಯಾಯಾಲಯದ 30-06-2021ರ ತೀರ್ಪಿನ ಮೇರೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಸೆಪ್ಟೆಂಬರ್ 2021ರಲ್ಲಿ ಪ್ರತಿ ಮೃತರ ಕುಟುಂಬಕ್ಕೆ ರೂ. 50,000/- ಪರಿಹಾರವನ್ನು ಶಿಫಾರಸು ಮಾಡಿತು. ನ್ಯಾಯಾಲಯವು 04-10-2021ರಂದು ಇದನ್ನು ಅಂಗೀಕರಿಸಿತು. ರಾಜ್ಯ ಸರ್ಕಾರವು ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ಪ್ರತ್ಯೇಕವಾಗಿ ರೂ. 1,00,000/- ಪರಿಹಾರವನ್ನು ಜೂನ್ 2021ರಲ್ಲಿ ಪ್ರಕಟಿಸಿತ್ತು. ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ಮುಖ್ಯಮಂತ್ರಿ ಬಾಲಸೇವಾ ಯೋಜನೆಯಡಿ ಮಾಸಿಕ ರೂ. 3,500/- ಘೋಷಣೆಯಾಯಿತು.

ತೊಡಕು ಉಂಟಾದದ್ದು ಇಲ್ಲಿ. ಜನನ ಮರಣ ನೋಂದಣಿ ಅಧಿನಿಯಮ, 1969ರ 17ನೇ ಪ್ರಕರಣದಂತೆ, ಸಾರ್ವಜನಿಕರಿಗೆ ನೀಡುವ ಮರಣ ಪ್ರಮಾಣಪತ್ರದಲ್ಲಿ ಮರಣದ ಕಾರಣವನ್ನು ನಮೂದಿಸುವಂತಿಲ್ಲ. ಗೌಪ್ಯತೆಯ ದೃಷ್ಟಿಯಿಂದ ಇದು ಸರಿಯಾದ ನಿಯಮವೇ. ಆದರೆ ಪರಿಹಾರ ಕೋರುವವರು ಕಾರಣವನ್ನೇ ರುಜುವಾತುಪಡಿಸಬೇಕಿತ್ತು. ಪ್ರಮಾಣಪತ್ರ ಕೈಯಲ್ಲಿದ್ದೂ ಅದು ಸಾಲದು ಎಂಬ ಉತ್ತರ ಕೇಳಿದ ಕುಟುಂಬಗಳಿಗೆ ಇದು ಅರ್ಥವಾಗದಿದ್ದುದರಲ್ಲಿ ಆಶ್ಚರ್ಯವಿಲ್ಲ. 03-09-2021ರ ಮಾರ್ಗಸೂಚಿಯು ಪರೀಕ್ಷೆಯಲ್ಲಿ ಸೋಂಕು ದೃಢಪಟ್ಟ 30 ದಿನಗಳೊಳಗಿನ ಮರಣವನ್ನು, ಅದು ಆಸ್ಪತ್ರೆಯ ಹೊರಗೆ ಸಂಭವಿಸಿದ್ದರೂ, ಕೋವಿಡ್ ಮರಣವೆಂದು ಪರಿಗಣಿಸಲು ಅವಕಾಶ ಕಲ್ಪಿಸಿತು. ವೈದ್ಯಕೀಯ ಪ್ರಮಾಣಪತ್ರ ಲಭ್ಯವಿಲ್ಲದ ಅಥವಾ ಅದರಲ್ಲಿನ ಕಾರಣವನ್ನು ಕುಟುಂಬದವರು ಒಪ್ಪದ ಪ್ರಕರಣಗಳನ್ನು ತೀರ್ಮಾನಿಸಲು ಅಪರ ಜಿಲ್ಲಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ ಮತ್ತು ವೈದ್ಯಕೀಯ ತಜ್ಞರನ್ನೊಳಗೊಂಡ ಜಿಲ್ಲಾ ಸಮಿತಿಗಳಿಗೆ ಸೂಚಿಸಲಾಯಿತು.

ಎರಡನೆಯ ತೊಡಕು ಸ್ಥಳಕ್ಕೆ ಸಂಬಂಧಿಸಿದ್ದು. ಮರಣವು ಸಂಭವಿಸಿದ ಸ್ಥಳದಲ್ಲಿಯೇ ನೋಂದಣಿಯಾಗತಕ್ಕದ್ದು, ಮೃತರ ಸ್ವಂತ ಊರಿನಲ್ಲಿ ಅಲ್ಲ. ತಾಲ್ಲೂಕಿನ ಹಳ್ಳಿಯವರು ಬೆಂಗಳೂರಿನ ಅಥವಾ ಮೈಸೂರಿನ ಆಸ್ಪತ್ರೆಯಲ್ಲಿ ಮೃತಪಟ್ಟಿದ್ದರೆ ಕುಟುಂಬದವರು ಪ್ರಮಾಣಪತ್ರಕ್ಕಾಗಿ ಆ ನಗರದ ನೋಂದಣಾಧಿಕಾರಿಯನ್ನೇ ಸಂಪರ್ಕಿಸಬೇಕಾಯಿತು. ಮೂರನೆಯದು ಹೆಸರಿನ ವ್ಯತ್ಯಾಸ. ಪಡಿತರ ಚೀಟಿಯಲ್ಲಿ ನಾಗಮ್ಮ, ಆಧಾರ್‌ನಲ್ಲಿ ನಾಗರತ್ನಮ್ಮ, ಆಸ್ಪತ್ರೆಯ ದಾಖಲೆಯಲ್ಲಿ ಇನ್ನೊಂದು ಬರಹ ಎಂಬಂತಹ ಪ್ರಕರಣಗಳಲ್ಲಿ, ಒಬ್ಬರೇ ವ್ಯಕ್ತಿಯೆಂದು ದೃಢೀಕರಿಸುವ ಹೊಣೆ ಪುನಃ ಸ್ಥಳೀಯ ಸಿಬ್ಬಂದಿಯ ಮೇಲೆ ಬಿದ್ದಿತು.

ಸರ್ವೋಚ್ಚ ನ್ಯಾಯಾಲಯವು 24-03-2022ರಂದು ಅರ್ಜಿಗಳಿಗೆ ಗಡುವು ನಿಗದಿಪಡಿಸಿತು: 20-03-2022ಕ್ಕೆ ಮೊದಲಿನ ಮರಣಗಳಿಗೆ 60 ದಿನ, ತದನಂತರದ ಮರಣಗಳಿಗೆ ಮರಣದ ದಿನಾಂಕದಿಂದ 90 ದಿನ. ತೀವ್ರ ಸಂಕಷ್ಟದಿಂದ ಗಡುವು ತಪ್ಪಿದವರು ಕುಂದುಕೊರತೆ ನಿವಾರಣಾ ಸಮಿತಿಯ ಮೊರೆ ಹೋಗಲು ಅವಕಾಶವಿತ್ತು.

ಈಗ ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಪರಿಹಾರದ ಗಡುವು ಮುಗಿದಿದ್ದರೂ ಮರಣ ನೋಂದಣಿಯ ಅಗತ್ಯ ಮುಗಿದಿಲ್ಲ. ಪೌತಿ ಖಾತೆ ಬದಲಾವಣೆ, ವಿಮೆ, ಕುಟುಂಬ ಪಿಂಚಣಿ, ವಿಧವಾ ವೇತನ ಇವೆಲ್ಲಕ್ಕೂ ಮರಣ ಪ್ರಮಾಣಪತ್ರ ಬೇಕು. ಮರಣವನ್ನು 21 ದಿನಗಳೊಳಗೆ ವರದಿ ಮಾಡತಕ್ಕದ್ದು. 21 ದಿನಗಳ ನಂತರ 30 ದಿನಗಳೊಳಗಾದರೆ ವಿಳಂಬ ಶುಲ್ಕದೊಂದಿಗೆ ನೋಂದಣಿ ಸಾಧ್ಯ. 30 ದಿನ ಮೀರಿ ಒಂದು ವರ್ಷದೊಳಗಾದರೆ ಜಿಲ್ಲಾ ನೋಂದಣಾಧಿಕಾರಿ ಅಥವಾ ನಿಯಮಿಸಲಾದ ಪ್ರಾಧಿಕಾರಿಯ ಲಿಖಿತ ಅನುಮತಿ ಬೇಕಾಗುತ್ತದೆ. 01-10-2023ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಒಂದು ವರ್ಷ ಮೀರಿದ ಪ್ರಕರಣಗಳಲ್ಲಿ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಅಧಿಕೃತಗೊಳಿಸಲಾದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಪಡೆಯಬೇಕು. 2020 ಮತ್ತು 2021ರಲ್ಲಿ ಮನೆಯಲ್ಲಿ ಸಂಭವಿಸಿ ಈವರೆಗೆ ನೋಂದಣಿಯಾಗದ ಮರಣಗಳು ಈ ಕೊನೆಯ ವರ್ಗಕ್ಕೆ ಸೇರುತ್ತವೆ.

ಸದರಿ ತಿದ್ದುಪಡಿಯಂತೆ, ಆಸ್ಪತ್ರೆಯಲ್ಲಿ ಮರಣ ಸಂಭವಿಸಿದಾಗ ಕಾರಣದ ವೈದ್ಯಕೀಯ ಪ್ರಮಾಣಪತ್ರದ ಪ್ರತಿಯನ್ನು ಸಮೀಪದ ಸಂಬಂಧಿಗೂ ನೀಡತಕ್ಕದ್ದು. ದುಃಖದ ಹೊತ್ತಿನಲ್ಲಿ ಇದನ್ನು ಕೇಳಿ ಪಡೆಯುವುದು ಕಠಿಣವಾದರೂ, ತಿಂಗಳುಗಳ ನಂತರ ಅದೇ ಆಸ್ಪತ್ರೆಯ ಕಡತ ವಿಭಾಗದಲ್ಲಿ ಹುಡುಕುವುದು ಅದಕ್ಕಿಂತ ಕಠಿಣ. ಪ್ರಮಾಣಪತ್ರದಲ್ಲಿ ಹೆಸರು ಅಥವಾ ದಿನಾಂಕ ತಪ್ಪಾಗಿದ್ದಲ್ಲಿ, 15ನೇ ಪ್ರಕರಣದ ಅಡಿಯಲ್ಲಿ ತಿದ್ದುಪಡಿ ಕೋರಿ, ಮರಣ ನೋಂದಣಿಯಾಗಿರುವ ಕಚೇರಿಗೇ ಪೂರಕ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿ ಸಲ್ಲಿಸಿದ ಪ್ರತಿ ಸಂದರ್ಭದಲ್ಲಿಯೂ ದಿನಾಂಕವುಳ್ಳ ಸ್ವೀಕೃತಿಯನ್ನು ಪಡೆದು ಇಟ್ಟುಕೊಳ್ಳುವುದು.